ಕಂದು ಟೇಪಿನಲ್ಲಿ ಕೂತ ಹಾಡು

ಮಡಿಕೇರಿಯ ಹಳೆಯ ಮನೆಗಳಲ್ಲಿ ಅಟ್ಟ, ಬೀರು ತಡಕಿದರೆ ಈಗಲೂ ಒಂದೆರಡು ಕ್ಯಾಸೆಟ್ಟು ಸಿಕ್ಕೀತು. ಮೇಲೆ ಸಿನಿಮಾ ಚಿತ್ರವಿಲ್ಲದೆ, ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಳ ಪಟ್ಟಿ ಇದ್ದರೆ ಜೋಪಾನ ಮಕ್ಕಳೇ! ಅದು ನಿಮ್ಮ ಅಮ್ಮನೋ ಚಿಕ್ಕಪ್ಪನೋ ಒಂದೊಂದೇ ಹಾಡು ಆರಿಸಿ ತುಂಬಿಸಿದ್ದು.

ಆಗ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಸೇರಿದ ‘ಟೂ ಇನ್ ಒನ್’ ಮುಂದೆ ಕೂತು, ಆಕಾಶವಾಣಿಯಲ್ಲಿ ಇಷ್ಟದ ಹಾಡು ಬರುವವರೆಗೂ ಕಾಯಬೇಕಿತ್ತು. ಬಂದೊಡನೆ ಪ್ಲೇ, ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಒತ್ತಬೇಕು. ಉದ್ಘೋಷಕಿಯ ಕೊನೆಯ ಮಾತೂ ಹಾಡಿನ ಜೊತೆ ಸೇರಿಬಿಡುತ್ತಿತ್ತು. ನನಗಂತೂ ಅದೂ ಇಷ್ಟ.

ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಒಳಗಿನ ಟೇಪು ತೆಳುವಾದ ಪ್ಲಾಸ್ಟಿಕ್. ಅಗಲ 4 ಮಿಲಿಮೀಟರಿಗೂ ಕಡಿಮೆ. ಅದಕ್ಕೆ ಬಳಿದ ಕಂದು ಪುಡಿ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್. ರೆಕಾರ್ಡ್ ಮಾಡುವಾಗ ಹಾಡು ಮೊದಲು ವಿದ್ಯುತ್ತಿನ ಏರಿಳಿತವಾಗಿ ‘ಹೆಡ್’ ಎಂಬ ಪುಟ್ಟ ವಿದ್ಯುತ್ಕಾಂತಕ್ಕೆ ಬರುತ್ತದೆ. ಟೇಪು ಅದನ್ನು ಸವರಿಕೊಂಡು ಹೋಗುವಾಗ ಪುಡಿಯ ಕಣಗಳು ಆ ಏರಿಳಿತಕ್ಕೆ ತಕ್ಕಂತೆ ಕಾಂತವಾಗುತ್ತವೆ. ಮತ್ತೆ ನುಡಿಸಿದಾಗ ಇದೇ ಕೆಲಸ ಹಿಮ್ಮುಖ: ಕಾಂತಕಣಗಳು ಹೆಡ್ಡಿನ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟಿಸುತ್ತವೆ, ಸ್ಪೀಕರು ಅದನ್ನು ಹಾಡಾಗಿಸುತ್ತದೆ.

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿಗೆ 440 ಸಲ ಕಂಪಿಸುವ ಒಂದು ಸ್ವರವಿದೆ ಎನ್ನಿ. ಲೆಕ್ಕ ಹಾಕಿ ನೋಡಿ, ಅದರ ಒಂದೊಂದು ಅಲೆಗೂ ಟೇಪಿನ ಮೇಲೆ ಸಿಗುವ ಜಾಗ ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗ!

ಗೆಳತಿಗೆ ಕೊಡಲು ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿದರೆ ‘ಸ್...’ ಸದ್ದು ಕೊಂಚ ಹೆಚ್ಚುತ್ತಿತ್ತು. ಕಣಗಳೆಲ್ಲ ಒಂದೇ ಸಮನಾಗಿ ಹರಡಿರುವುದಿಲ್ಲ. ಆ ಏರುಪೇರೇ ಸದ್ದಾಗಿ ಕೇಳುತ್ತದೆ, ಪ್ರತಿ ನಕಲಿಗೂ ಹೊಸದಾಗಿ ಸೇರುತ್ತದೆ. ಇಷ್ಟದ ಹಾಡುಗಳು ಅಳಿಸಿಹೋಗಬಾರದೆಂದರೆ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಎಸಳು ಮುರಿದುಬಿಡುತ್ತಿದ್ದರು. ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಇಳಿಯದು. ಮನಸ್ಸು ಬದಲಾದರೆ ಆ ತೂತಿಗೆ ಅಂಟುಪಟ್ಟಿ ಹಚ್ಚಿದರಾಯಿತು.

ಮಡಿಕೇರಿಯ ಮಳೆಗಾಲ ಮಾತ್ರ ಕ್ಯಾಸೆಟ್ಟಿಗೆ ಆಗಿಬರುವುದಿಲ್ಲ. ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ತೇವದಲ್ಲಿ ಟೇಪಿನ ಮೇಲೂ ಬೂಷ್ಟು ಬೆಳೆಯುತ್ತದೆ. ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಇಣುಕಿ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಅದನ್ನು ನುಡಿಸಲೇಬೇಡಿ. ಬೂಷ್ಟು ಹೆಡ್ಡಿಗೂ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಅಂಟುತ್ತದೆ. ಹೊಸ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ತೇವ ಹೀರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕ್ಯಾಸೆಟ್ಟಿನ ಜೊತೆ ಅದನ್ನೂ ಹಾಕಿಡಿ, ಸ್ಪೀಕರಿನ ಕಾಂತದಿಂದ ದೂರವಿರಲಿ.

ಟೇಪು ಚೊಕ್ಕಟವಾಗಿದ್ದು, ಪ್ಲೇಯರೂ ಸಿಕ್ಕರೆ ಹಾಡುಗಳನ್ನು ಈ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕ್ಯಾಸೆಟ್ಟು ಮಾಡಿದವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾವ ಹಾಡು ಯಾರಿಗೆಂದು ತುಂಬಿಸಿದ್ದರೋ ಕೇಳಿ ಬರೆದಿಡಿ.