ಶಬ್ದವೂ ಅದರ ಸಹವಾಸವೂ

ಒಂದು ಶಬ್ದದ ಅರ್ಥ ತಿಳಿಯದೆ ಹೋದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಅಲ್ಲಿ ಕಂಡ ವಿವರಣೆಯನ್ನು ಓದಿ, ಅರ್ಥ ದೊರೆಯಿತೆಂಬ ತೃಪ್ತಿಯಿಂದ ಪುಸ್ತಕವನ್ನು ಮುಚ್ಚುತ್ತೇವೆ. ಡಬ್ಬಿಯೊಳಗೆ ಸಕ್ಕರೆಯಿರುವಂತೆ ಶಬ್ದದೊಳಗೆ ಅರ್ಥವಿರುತ್ತದೆ, ನಿಘಂಟೆಂಬುದು ಆ ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಗಳ ಸಂಗ್ರಹ ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಇದೆ. ಆದರೆ ನಿಘಂಟನ್ನು ಬರೆದವರಿಗೆ ಆ ಅರ್ಥ ಎಲ್ಲಿ ದೊರೆಯಿತು? ಅವರು ತೆರೆದು ನೋಡಿದ ಪುಸ್ತಕ ಯಾವುದು? ತೀರ ಸರಳವೆಂದು ತೋರುವ ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಭಾಷಾಶಾಸ್ತ್ರದ ಕುತೂಹಲಕರವಾದ ಒಂದು ಶಾಖೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಈ ಶಾಖೆಗೆ ಫ್ರಾನ್ಸಿನ ವಿದ್ವಾಂಸ ಮಿಶೆಲ್ ಬ್ರೆಯಾಲ್ ಅವರು 1883ರಲ್ಲಿ ಗ್ರೀಕ್ ಮೂಲದಿಂದ ಒಂದು ಹೆಸರನ್ನು ರೂಪಿಸಿಕೊಟ್ಟರು. 1897ರಲ್ಲಿ ಅವರ ಗ್ರಂಥ ಪ್ರಕಟವಾಯಿತು. 1900ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದು, 'ಸೆಮ್ಯಾಂಟಿಕ್ಸ್' ಎಂಬ ಮಾತು ಆ ಭಾಷೆಯಲ್ಲಿ ನೆಲೆಯೂರಲು ದಾರಿಯಾಯಿತು. ನಾವು ಅದನ್ನು ಶಬ್ದಾರ್ಥವಿಜ್ಞಾನ ಎನ್ನಬಹುದು. ಈ ವಿಜ್ಞಾನ ಎಲ್ಲ ಭಾಷೆಗಳಿಗೂ ಸಲ್ಲುವಂಥದು. ಆದರೂ ಈ ಹೊತ್ತಿನ ಮಾತಿಗೆ ನಾನು ಇಂಗ್ಲಿಷನ್ನೇ ಆರಿಸಿಕೊಂಡಿದ್ದೇನೆ. ಶಬ್ದಗಳು ಬಾಳಿದ ಬಗೆಯನ್ನು ಕುರಿತ ಸಾಕ್ಷ್ಯವನ್ನು ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲ ಅಷ್ಟೊಂದು ತಾಳ್ಮೆಯಿಂದ ಕೂಡಿಹಾಕಿರುವ ಭಾಷೆಗಳು ವಿರಳ.

ಆ ಸಂಗ್ರಹದ ಕಥೆ ಆರಂಭವಾಗುವುದು 1857ರಲ್ಲಿ. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಸದಸ್ಯರು ಅಂದಿನ ಇಂಗ್ಲಿಷ್ ನಿಘಂಟುಗಳ ಕೊರತೆಗಳನ್ನು ಪರಿಶೀಲಿಸಲು ಹೊರಟರು. ನಿಘಂಟುಕಾರನು ಭಾಷೆಯ ಚರಿತ್ರಕಾರನೇ ಹೊರತು ಅದರ ಗುಣದೋಷಗಳ ವಿಮರ್ಶಕನಲ್ಲ ಎಂಬ ನಿಲುವನ್ನು ರಿಚರ್ಡ್ ಟ್ರೆಂಚ್ ಅವರು ಆಗ ಮಂಡಿಸಿದರು. ಮುಂದೆ ಆಕ್ಸ್‌ಫರ್ಡ್ ನಿಘಂಟೆಂದು ಹೆಸರಾದ ಮಹಾಕೋಶದ ಅಡಿಗಲ್ಲು ಈ ನಿಲುವು. 1879ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರ್ರೆ ಅವರು ತಮ್ಮ ಮನೆಯ ತೋಟದಲ್ಲಿ ಕಬ್ಬಿಣದ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಅದರ ಗೋಡೆಗಳ ತುಂಬ ಗೂಡುಗಳನ್ನು ಮಾಡಿಸಿದರು. ನೂರಾರು ಮಂದಿ ಓದುಗರು ಯಾವ ಸಂಬಳವೂ ಇಲ್ಲದೆ ಹಳೆಯ ಹೊಸ ಪುಸ್ತಕಗಳನ್ನು ಓದಿ, ಶಬ್ದವು ಬಂದಿರುವ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳುಹಿಸಿದರು. ಆ ಚೀಟಿಗಳು ಗೂಡುಗಳನ್ನು ತುಂಬಿದುವು. 1884ರಲ್ಲಿ ಮೊದಲ ಕಂತು ಹೊರಬಂದಿತು. ಕೆಲಸ ಮುಗಿದುದು 1928ರಲ್ಲಿ, ಮರ್ರೆ ಅವರು ತೀರಿಕೊಂಡ 13 ವರ್ಷಗಳ ತರುವಾಯ. ಅಷ್ಟು ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಶಬ್ದಗಳಿಗೆ ಸುಮಾರು 18 ಲಕ್ಷ ಪ್ರಯೋಗಗಳು ಅಚ್ಚಾಗಿದ್ದುವು.

ಇಲ್ಲಿ ನಾವು ಗಮನಿಸಬೇಕಾದುದು ಸಂಖ್ಯೆಗಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು. ಸಂಪಾದಕರು ಮೊದಲು ಅರ್ಥವನ್ನು ನಿಶ್ಚಯಿಸಿ ಆಮೇಲೆ ಉದಾಹರಣೆ ಹುಡುಕಲಿಲ್ಲ. ಒಂದು ಶಬ್ದದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದನ್ನೊಂದು ಹೋಲುವ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ, ಪ್ರತಿಯೊಂದು ಗುಂಪಿನಲ್ಲಿಯೂ ಶಬ್ದ ಮಾಡುತ್ತಿರುವ ಕೆಲಸವೇನೆಂದು ಕೇಳಿಕೊಂಡರು. ಆ ಪ್ರಶ್ನೆಗೆ ಬಂದ ಉತ್ತರವೇ ಅರ್ಥವೆನಿಸಿತು. ಎಂದರೆ, ನಿಘಂಟಿನಲ್ಲಿ ನಾವು ಓದುವ ಅರ್ಥ ಬಳಕೆಯ ರಾಶಿಯಿಂದ ಬಸಿದು ತೆಗೆದ ಸಾರ. ಬಳಕೆಗಿಂತ ಮೊದಲೇ ಎಲ್ಲಿಯೋ ಇದ್ದ ವಸ್ತುವಲ್ಲ.

ಹೀಗೆ ಕಾಲಕ್ರಮದಲ್ಲಿ ಜೋಡಿಸಿದ ಪ್ರಯೋಗಗಳು ಮತ್ತೊಂದು ಸಂಗತಿಯನ್ನು ಬಯಲಿಗೆ ತಂದುವು. ಇಂದು ಇಂಗ್ಲಿಷಿನಲ್ಲಿ 'ನೈಸ್' ಎಂದರೆ ಹಿತವಾದುದು, ಸೊಗಸಾದುದು. ಅದರ ಲ್ಯಾಟಿನ್ ಮೂಲಕ್ಕೆ ಅಜ್ಞಾನಿ ಎಂದು ಅರ್ಥ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಅದು ಮೂರ್ಖನನ್ನು ಸೂಚಿಸುತ್ತಿತ್ತು. ಬರಬರುತ್ತ ಅತಿ ನಾಜೂಕಿನವನು, ಅತಿ ಸೂಕ್ಷ್ಮವಾದುದು ಎಂಬ ಘಟ್ಟಗಳನ್ನು ದಾಟಿ ಇಂದಿನ ನೆಲೆಗೆ ಬಂದಿತು. 'ಸಿಲ್ಲಿ' ಎಂಬ ಮಾತಿನ ಪ್ರಯಾಣ ಇದಕ್ಕೆ ವಿರುದ್ಧ. ಒಮ್ಮೆ ಅದು ದೇವರ ಅನುಗ್ರಹಕ್ಕೆ ಪಾತ್ರನಾದವನನ್ನು ಹೇಳುತ್ತಿತ್ತು. ಅಂಥವನು ಮುಗ್ಧ, ಮುಗ್ಧನು ಕನಿಕರಕ್ಕೆ ತಕ್ಕವನು, ಕನಿಕರಕ್ಕೆ ತಕ್ಕವನು ದುರ್ಬಲ, ದುರ್ಬಲನು ದಡ್ಡ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಈಗ ಅದು ಬರಿಯ ಪೆದ್ದತನವನ್ನು ಹೇಳುತ್ತದೆ. ನಮ್ಮಲ್ಲಿಯೂ ಇಂಥ ಪ್ರಯಾಣಗಳುಂಟು. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧಕ್ಕೆ ಹೆಸರಾಗಿದ್ದ 'ಸಾಹಸ'ವನ್ನು ಇಂದು ನಾವು ಮೆಚ್ಚುಗೆಯ ಮಾತಾಗಿ ಬಳಸುತ್ತೇವೆ. ಆದುದರಿಂದ ಮೂಲಾರ್ಥವೇ ನಿಜವಾದ ಅರ್ಥ, ಉಳಿದುದೆಲ್ಲ ಅಪಭ್ರಂಶ ಎಂದು ವಾದಿಸುವುದು ಸರಿಯಾಗದು. ವ್ಯುತ್ಪತ್ತಿಯು ಶಬ್ದ ಹುಟ್ಟಿದ ಊರನ್ನು ತಿಳಿಸುತ್ತದೆ; ಅದು ಈಗ ವಾಸವಾಗಿರುವ ಮನೆಯ ವಿಳಾಸವನ್ನು ತಿಳಿಸಲಾರದು.

ಹಾಗಾದರೆ ಆ ವಿಳಾಸವನ್ನು ಅರಿಯುವುದು ಹೇಗೆ? ನೆರೆಹೊರೆಯನ್ನು ವಿಚಾರಿಸಬೇಕು. ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ದ ಸೊಸ್ಯೂರ್ ಅವರ ಉಪನ್ಯಾಸಗಳನ್ನು, ಅವರು ತೀರಿಕೊಂಡ ಮೇಲೆ, 1916ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಉದಾಹರಣೆ ಪ್ರಸಿದ್ಧವಾದುದು. ಫ್ರೆಂಚಿನಲ್ಲಿ 'ಮೂತೋಂ' ಎಂದರೆ ಕುರಿಯೂ ಹೌದು, ಕುರಿಯ ಮಾಂಸವೂ ಹೌದು. ಇಂಗ್ಲಿಷಿನಲ್ಲಿಯಾದರೋ ಹುಲ್ಲು ಮೇಯುವುದು 'ಶೀಪ್', ತಟ್ಟೆಗೆ ಬರುವುದು 'ಮಟನ್'. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಶಬ್ದ ಬಂದು ನಾಡಶಬ್ದದ ಪಕ್ಕದಲ್ಲಿ ಕುಳಿತುದರ ಫಲ ಇದು. ಪಕ್ಕದಲ್ಲಿ 'ಮಟನ್' ಇರುವುದರಿಂದ 'ಶೀಪ್' ಎಂಬುದರ ಅರ್ಥಕ್ಕೆ ಒಂದು ಗಡಿ ಬಿದ್ದಿದೆ. ಫ್ರೆಂಚ್ ಶಬ್ದಕ್ಕೆ ಆ ಗಡಿಯಿಲ್ಲ. ಶಬ್ದದ ಬೆಲೆ ಅದರ ನೆರೆಯ ಶಬ್ದಗಳಿಂದ ಗೊತ್ತಾಗುತ್ತದೆ.

ಅನುವಾದಕರಿಗೆ ಇದು ದಿನನಿತ್ಯದ ಅನುಭವ. ಹ್ಯಾಮ್ಲೆಟ್ ನಾಟಕದಲ್ಲಿ ಕ್ಲಾಡಿಯಸ್ ರಾಜಕುಮಾರನಿಗೆ 'ಅಂಕಲ್'. ಸೋದರಮಾವನಿಗೂ, ದೊಡ್ಡಪ್ಪನಿಗೂ, ಚಿಕ್ಕಪ್ಪನಿಗೂ ಇಂಗ್ಲಿಷಿನಲ್ಲಿ ಈ ಒಂದೇ ಶಬ್ದ ಸಾಲುತ್ತದೆ. ಕನ್ನಡಕ್ಕೆ ತರುವವನು ಮೊದಲು ಅವನು ತಂದೆಯ ಕಡೆಯವನೋ ತಾಯಿಯ ಕಡೆಯವನೋ ನೋಡಬೇಕು. ತಂದೆಯ ಒಡಹುಟ್ಟಿದವನೆಂಬುದು ನಾಟಕದಲ್ಲಿ ಸ್ಪಷ್ಟವಿದೆ. ಅಣ್ಣನೋ ತಮ್ಮನೋ? ಪಟ್ಟ ಮೊದಲು ಹ್ಯಾಮ್ಲೆಟನ ತಂದೆಗೆ ಸಂದಿತ್ತೆಂಬುದರಿಂದ ಊಹಿಸಿ, ಅನುವಾದಕ 'ಚಿಕ್ಕಪ್ಪ' ಎಂದು ಬರೆಯುತ್ತಾನೆ. ಇಂಗ್ಲಿಷ್ ಪ್ರೇಕ್ಷಕನಿಗೆ ಎಂದೂ ಎದುರಾಗದ ಒಂದು ಪ್ರಶ್ನೆಗೆ ಕನ್ನಡ ಓದುಗ ಉತ್ತರವನ್ನು ಪಡೆದಿರುತ್ತಾನೆ.

ನೆರೆಹೊರೆಯಂತೆಯೇ ಸಹವಾಸವೂ ಮುಖ್ಯವಾದುದು. ಇದನ್ನು ಒತ್ತಿ ಹೇಳಿದವರು ಜೆ. ಆರ್. ಫರ್ತ್. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, 1944ರಲ್ಲಿ ಲಂಡನ್ನಿನಲ್ಲಿ ಸಾಮಾನ್ಯ ಭಾಷಾಶಾಸ್ತ್ರದ ಪೀಠವನ್ನು ಅಲಂಕರಿಸಿದವರು. ಮನುಷ್ಯನನ್ನು ಅವನ ಒಡನಾಡಿಗಳಿಂದ ಅರಿಯುವಂತೆ ಶಬ್ದವನ್ನೂ ಅದು ಯಾವ ಶಬ್ದಗಳ ಜೊತೆ ಬರುತ್ತದೆ ಎಂಬುದರಿಂದ ಅರಿಯಬೇಕೆಂಬುದು ಅವರ ಅಭಿಪ್ರಾಯ. 'ಸ್ಟ್ರಾಂಗ್' ಮತ್ತು 'ಪವರ್‌ಫುಲ್' ಎಂಬ ಎರಡಕ್ಕೂ ಬಲವುಳ್ಳದ್ದೆಂದೇ ಅರ್ಥ. ಆದರೂ ಚಹಾ 'ಸ್ಟ್ರಾಂಗ್' ಆಗಬಹುದೇ ಹೊರತು 'ಪವರ್‌ಫುಲ್' ಆಗಲಾರದು.

ಫರ್ತ್ ಅವರ ದಾರಿಯಲ್ಲಿ ನಡೆದ ಜಾನ್ ಸಿಂಕ್ಲೇರ್ ಅವರು 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬರಹ ಮಾತುಗಳ ದೊಡ್ಡ ರಾಶಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿ, 1987ರಲ್ಲಿ ಅದರ ಆಧಾರದ ಮೇಲೆ ನಿಘಂಟೊಂದನ್ನು ಹೊರತಂದರು. ಮರ್ರೆಯವರ ಚೀಟಿಗಳ ಕೆಲಸವನ್ನು ಯಂತ್ರ ಕ್ಷಣಾರ್ಧದಲ್ಲಿ ಮಾಡಿತು. ಬರಿಗಣ್ಣಿಗೆ ಕಾಣದಿದ್ದ ಸಂಗತಿಗಳೂ ಕಂಡುವು. 'ಸೆಟ್ ಇನ್' ಎಂದರೆ ಆರಂಭವಾಗು, ನೆಲೆಯೂರು ಎಂದರ್ಥ. ಪ್ರಯೋಗಗಳನ್ನು ಸಾಲಾಗಿ ನಿಲ್ಲಿಸಿದಾಗ, ಹಾಗೆ ನೆಲೆಯೂರುವವು ಹೆಚ್ಚಾಗಿ ಕೊಳೆತ, ನಿರಾಶೆ, ಸೋಂಕುಗಳೇ ಎಂದು ತಿಳಿದುಬಂತು. 'ಕಾಸ್' ಎಂಬ ಕ್ರಿಯಾಪದವೂ ನಷ್ಟ, ತೊಂದರೆ, ನೋವುಗಳ ಜೊತೆಯಲ್ಲಿಯೇ ಹೆಚ್ಚಾಗಿ ಓಡಾಡುತ್ತದೆ. ನಮಗೆ ಇದು ಹೊಸದೆನಿಸಬೇಕಾಗಿಲ್ಲ. ಒಬ್ಬನು ಪ್ರಶಂಸೆಗೆ 'ಪಾತ್ರ'ನಾಗುತ್ತಾನೆ, ನಿಂದೆಗೆ 'ಗುರಿ'ಯಾಗುತ್ತಾನೆ. ಪ್ರಶಂಸೆಗೆ ಗುರಿಯಾದನೆಂದು ಬರೆದರೆ ವ್ಯಾಕರಣ ತಪ್ಪುವುದಿಲ್ಲ, ಕಿವಿ ಒಪ್ಪುವುದಿಲ್ಲ. ಶಾಲೆಯಲ್ಲಿ ಯಾರೂ ಈ ಭೇದವನ್ನು ನಮಗೆ ಕಲಿಸಲಿಲ್ಲ; ಸಹವಾಸವೇ ಕಲಿಸಿತು.

ಇದುವರೆಗೆ ಶಬ್ದದ ಮಾತಾಯಿತು. ಆಡಿದ ಮಾತಿಗೆ ಸಂದರ್ಭವೆಂಬ ಇನ್ನೊಂದು ಆಧಾರವಿದೆ. ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಅವರು 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಮಾತು ಸಂಗತಿಯನ್ನು ತಿಳಿಸುವುದಷ್ಟೇ ಅಲ್ಲ, ಕಾರ್ಯವನ್ನೂ ಮಾಡುತ್ತದೆ ಎಂದು ತೋರಿಸಿದರು. ವಚನ ಕೊಡುತ್ತೇನೆ ಎಂದು ನುಡಿಯುವುದೇ ವಚನ ಕೊಡುವ ಕಾರ್ಯ. ಅದೇ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಉಪನ್ಯಾಸ ಮಾಡಿದ ಎಚ್. ಪಿ. ಗ್ರೈಸ್ ಅವರು ಆಡಿದ್ದಕ್ಕೂ ಸೂಚಿಸಿದ್ದಕ್ಕೂ ಇರುವ ಅಂತರವನ್ನು ವಿವೇಚಿಸಿದರು. ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನೊಬ್ಬನ ಬಗ್ಗೆ ಗುರುವು, ಇವನ ಭಾಷೆ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಾನೆ ಎಂದಷ್ಟೇ ಬರೆದರೆ, ಹೊಗಳಿಕೆಯ ಆ ಎರಡು ಮಾತುಗಳೇ ಅವನನ್ನು ಅನರ್ಹನೆಂದು ಸಾರುತ್ತವೆ.

ಇದನ್ನು ಕೇಳಿದಾಗ ನಮ್ಮ ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಧ್ವನಿಯ ನೆನಪಾಗದಿರದು. ಸೂರ್ಯ ಮುಳುಗಿದನೆಂಬ ಒಂದೇ ಮಾತು ದನಗಾಹಿಗೆ ಹಟ್ಟಿಗೆ ಮರಳುವ ಕರೆಯೆಂದೂ, ವೈದಿಕನಿಗೆ ಸಂಧ್ಯಾವಂದನೆಯ ವೇಳೆಯೆಂದೂ ಅರ್ಥ ಕೊಡುವುದನ್ನು ನಮ್ಮ ಆಲಂಕಾರಿಕರು ವಿವರಿಸಿದ್ದಾರೆ. ಆದರೂ ಎರಡನ್ನೂ ಒಂದೇ ಎನ್ನುವುದು ಅವಸರವಾದೀತು. 9ನೆಯ ಶತಮಾನದ ಆನಂದವರ್ಧನನ ಕಣ್ಣು ಇದ್ದುದು ಕಾವ್ಯದ ರಸದ ಮೇಲೆ; ಗ್ರೈಸ್ ಅವರು ಹುಡುಕಿದುದು ದಿನನಿತ್ಯದ ಸಂಭಾಷಣೆಯನ್ನು ನಡೆಸುವ ನಿಯಮಗಳನ್ನು.

ಇವೆಲ್ಲ ಪಂಡಿತರ ಕಾಲಕ್ಷೇಪವಲ್ಲವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆಯೇ ಉತ್ತರ. 1952ರ ನವೆಂಬರ್ 2ರ ರಾತ್ರಿ ಲಂಡನ್ನಿನ ಬಳಿಯ ಕ್ರಾಯ್ಡನ್‌ನಲ್ಲಿ ಕಳವಿಗೆಂದು ಇಬ್ಬರು ಹುಡುಗರು ಉಗ್ರಾಣವೊಂದರ ಮಾಳಿಗೆಯನ್ನೇರಿದರು. ಕ್ರಿಸ್ಟೋಫರ್ ಕ್ರೇಗನಿಗೆ 16 ವರ್ಷ. ಅವನ ಕೈಯಲ್ಲಿ ಪಿಸ್ತೂಲಿತ್ತು. ಡೆರೆಕ್ ಬೆಂಟ್ಲಿಗೆ 19. ಓದುಬರಹ ಬಹುಮಟ್ಟಿಗೆ ಬಾರದವನು. ಪೋಲೀಸರು ಬೆಂಟ್ಲಿಯನ್ನು ಹಿಡಿದಾಗ ಅವನು 'ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್' ಎಂದು ಕೂಗಿದನೆಂದು ಅವರು ಸಾಕ್ಷಿ ನುಡಿದರು. ಕ್ರೇಗ್ ಗುಂಡು ಹಾರಿಸಿದ. ಸ್ವಲ್ಪ ಹೊತ್ತಿನ ಮೇಲೆ ಸಿಡ್ನಿ ಮೈಲ್ಸ್ ಎಂಬ ಪೋಲೀಸಿನವರು ಅವನ ಗುಂಡಿಗೆ ಬಲಿಯಾದರು.

ಆ ಇಂಗ್ಲಿಷ್ ಮಾತಿಗೆ ಎರಡು ಅರ್ಥಗಳುಂಟು. ಅದನ್ನು ಅವರಿಗೆ ಕೊಟ್ಟುಬಿಡು, ಎಂದರೆ ಪಿಸ್ತೂಲನ್ನು ಒಪ್ಪಿಸು ಎಂಬುದು ಒಂದು; ಹೊಡೆ ಎಂಬುದು ಇನ್ನೊಂದು. ಕನ್ನಡದಲ್ಲಿಯೂ 'ಕೊಡು ಅವನಿಗೆ' ಎಂಬ ಮಾತು ಅನ್ನ ಬಡಿಸುವಲ್ಲಿ ಒಂದು ಬಗೆ, ಜಗಳದಲ್ಲಿ ಮತ್ತೊಂದು ಬಗೆ. ಸರಕಾರದ ಪಕ್ಷ ಎರಡನೆಯ ಅರ್ಥವನ್ನು ಹಿಡಿದು ಅದನ್ನು ಕೊಲೆಗೆ ಪ್ರಚೋದನೆಯೆಂದು ವಾದಿಸಿತು. ಅಂಥ ಮಾತನ್ನು ಆಡಲೇ ಇಲ್ಲವೆಂದು ಹುಡುಗರಿಬ್ಬರೂ ಹೇಳಿದರು. ಗುಂಡು ಹಾರಿಸಿದ ಕ್ರೇಗನಿಗೆ ವಯಸ್ಸು ಸಾಲದುದರಿಂದ ಮರಣದಂಡನೆ ತಪ್ಪಿತು. ಗುಂಡು ಹಾರಿಸದ ಬೆಂಟ್ಲಿಗೆ ಜ್ಯೂರಿ ಕರುಣೆ ತೋರಬೇಕೆಂದು ಕೋರಿದ್ದರೂ, 1953ರ ಜನವರಿ 28ರಂದು ಅವನನ್ನು ಗಲ್ಲಿಗೇರಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಂಟ್ಲಿ ಸ್ವತಃ ನುಡಿದು ಬರೆಯಿಸಿದನೆಂದು ಪೋಲೀಸರು ಒಪ್ಪಿಸಿದ್ದ ಹೇಳಿಕೆಯನ್ನು ಹಲವು ದಶಕಗಳ ಮೇಲೆ ಮ್ಯಾಲ್ಕಂ ಕೂಲ್ತಾರ್ಡ್ ಎಂಬ ಭಾಷಾಶಾಸ್ತ್ರಜ್ಞರು ಪರಿಶೀಲಿಸಿದರು. 582 ಶಬ್ದಗಳ ಆ ಹೇಳಿಕೆಯಲ್ಲಿ, ಆಮೇಲೆ ಎಂಬರ್ಥದ 'ದೆನ್' ಎಂಬ ಶಬ್ದ 10 ಸಲ ಬಂದಿತ್ತು. ಅವರು ಹೋಲಿಸಿ ನೋಡಿದ ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ 930 ಶಬ್ದಗಳಿಗೆ ಒಂದು, ಪೋಲೀಸರ ಹೇಳಿಕೆಗಳಲ್ಲಿ 78 ಶಬ್ದಗಳಿಗೆ ಒಂದು. ಸಾಲದುದಕ್ಕೆ ಅದು ವಾಕ್ಯದಲ್ಲಿ ನಿಂತ ಸ್ಥಳವೂ ಪೋಲೀಸರ ಬರವಣಿಗೆಯದು: ಜನ 'ದೆನ್ ಐ' ಎನ್ನುವಲ್ಲಿ ಹೇಳಿಕೆಯಲ್ಲಿ 'ಐ ದೆನ್' ಎಂದಿತ್ತು. ನಮ್ಮ ಹಳ್ಳಿಯ ರೈತನ ಬಾಯಿಮಾತೆಂದು ಹೇಳುವ ಕಾಗದದಲ್ಲಿ 'ಸದರಿ ಆಸಾಮಿಯು' ಎಂದು ಕಂಡರೆ ಲೇಖನಿ ಯಾರ ಕೈಯಲ್ಲಿತ್ತೆಂದು ನಮಗೆ ತಿಳಿಯುವುದಿಲ್ಲವೆ? ಇದೂ ಹಾಗೆಯೇ. 1998ರ ಜುಲೈ 30ರಂದು ಮೇಲ್ಮನವಿಯ ನ್ಯಾಯಾಲಯ ಬೆಂಟ್ಲಿಯ ಮೇಲಿನ ತೀರ್ಪನ್ನು ರದ್ದುಮಾಡಿತು. ಮೊದಲ ವಿಚಾರಣೆಯಲ್ಲಿ ನ್ಯಾಯಾಧೀಶರು ಜ್ಯೂರಿಗೆ ನೀಡಿದ ನಿರ್ದೇಶನ ನ್ಯಾಯಸಮ್ಮತವಾಗಿರಲಿಲ್ಲವೆಂಬುದು ಅದಕ್ಕೆ ಮುಖ್ಯ ಕಾರಣ. ಅಷ್ಟು ಹೊತ್ತಿಗೆ ಅವನು ಸತ್ತು 45 ವರ್ಷಗಳಾಗಿದ್ದುವು. ಅವನಿಗಾಗಿ ಜೀವಮಾನವೆಲ್ಲ ಹೋರಾಡಿದ ಅಕ್ಕ ಐರಿಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ಆ ಮಾಳಿಗೆಯ ಮೇಲೆ ಯಾರು ಏನೆಂದರೆಂಬುದನ್ನು ಯಾವ ನಿಘಂಟೂ ತೀರ್ಮಾನಿಸಲಾರದು. ಆ ಐದು ಶಬ್ದಗಳಿಗೆ ಯಾವ ಯಾವ ಅರ್ಥಗಳು ಸಾಧ್ಯ ಎಂಬಲ್ಲಿಗೆ ಅದರ ಅಧಿಕಾರ ಮುಗಿಯುತ್ತದೆ. ಅವುಗಳಲ್ಲಿ ಒಂದನ್ನು ಆರಿಸುವಾಗ ಆಡಿದವನು ಯಾರು, ಯಾರೊಡನೆ, ಯಾವ ಗಳಿಗೆಯಲ್ಲಿ, ಅದನ್ನು ಬರೆದುಕೊಂಡವರು ಯಾರು ಎಂದು ಕೇಳುವ ಹೊಣೆ ಕೇಳುವವನದು. ಪತ್ರಿಕೆಯ ವರದಿಯಲ್ಲಿಯೋ ಸಭೆಯ ನಡವಳಿಯಲ್ಲಿಯೋ ಇನ್ನೊಬ್ಬರ ಬಾಯಿಂದ ಬಂದುದೆಂದು ಒಂದು ವಾಕ್ಯವನ್ನು ಕಂಡಾಗ, ಅವರನ್ನು ತಪ್ಪಿತಸ್ಥರೆಂದು ಎಣಿಸುವ ಮೊದಲು ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವಷ್ಟು ವ್ಯವಧಾನ ನಮಗಿದ್ದರೆ, ಶಬ್ದಾರ್ಥವಿಜ್ಞಾನದ ವಿದ್ವಾಂಸರು ಪಟ್ಟ ಶ್ರಮದ ಫಲ ನಮಗೂ ಸಂದಂತಾಗುತ್ತದೆ.