ಐಸ್ ಯಂತ್ರ ಕೊಳ್ಳುವ ಮುಂಚೆ



ನಾವು ರಾಯಾಪುರದ ಮಹಿಳಾ ಸಂಘದವರು. ಹುಬ್ಬಳ್ಳಿ–ಧಾರವಾಡ ರಸ್ತೆಯ ಬದಿಗೆ ನಮ್ಮದೊಂದು ಸಣ್ಣ ಅಂಗಡಿ ಇದೆ. ಲಿಂಬು ಶರಬತ್ತು, ಹಣ್ಣಿನ ರಸ, ಮಜ್ಜಿಗೆ ಮಾರುತ್ತೇವೆ. ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು, ಇಸ್ಕಾನ್ ಗುಡಿಗೆ ಬರುವವರು, ಚಿಗರಿ ಬಸ್ಸು ಇಳಿದವರು ನಮ್ಮ ಗಿರಾಕಿಗಳು.

ಮೊದಲು ನಾವು ಗಾಡಿಯವನ ಹತ್ತಿರ ಐಸಿನ ಗಡ್ಡೆ ಕೊಳ್ಳುತ್ತಿದ್ದೆವು. ಅದನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದ. ನಾವು ಒಡೆದು ಗ್ಲಾಸಿಗೆ ಹಾಕುತ್ತಿದ್ದೆವು. ಒಂದು ದಿನ ಒಬ್ಬ ತಾಯಿ ತನ್ನ ಮಗುವಿಗೆ ಶರಬತ್ತು ಕೊಡಿಸಿದಳು. ಗ್ಲಾಸಿನಲ್ಲಿ ಗೋಣಿಯ ನಾರು ತೇಲುತ್ತಿತ್ತು. ಆಕೆ ಏನೂ ಅನ್ನಲಿಲ್ಲ. ರೊಕ್ಕ ಕೊಟ್ಟಳು, ಗ್ಲಾಸು ಇಟ್ಟಳು, ಹೋದಳು. ಬೈದಿದ್ದರೆ ನಮಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ಆ ಐಸು ಎಲ್ಲಿಯದು, ಯಾವ ನೀರಿನದು? ನಾವು ಕೇಳಿರಲೇ ಇಲ್ಲ. ಎಲ್ಲ ಐಸೂ ತಿನ್ನುವ ಐಸಲ್ಲ. ಸಾಮಾನು ತಂಪಾಗಿಡಲು ಮಾಡುವ ಐಸು ಬೇರೆ. ಅಂಥ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಹಾಗಂತ ಬೆಳ್ಳಗಿದ್ದದ್ದೆಲ್ಲ ಒಳ್ಳೇದು ಅನ್ನಬೇಡಿ. ಐಸು ಆದರೆ ನೀರಿನ ರೋಗಾಣು ಸಾಯುವುದಿಲ್ಲ. ಅದು ಮಲಗಿರುತ್ತದೆ, ಅಷ್ಟೇ. ಗ್ಲಾಸಿನಲ್ಲಿ ಐಸು ಕರಗಿತು ಅಂದರೆ ಅದೂ ಎದ್ದಿತು.

ಅದಕ್ಕೇ ಐಸ್ ಯಂತ್ರ ಕೊಳ್ಳೋಣ ಅಂದುಕೊಂಡೆವು. ಮೇಜಿನ ಮೇಲೆ ಇಡುವಂಥದ್ದು. ಸಂಘದಿಂದ ಸಾಲ ತೆಗೆದು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆವು. "ಇದು 12 ಕಿಲೋದ್ದು ಅಕ್ಕಾರ, ನಿಮಗ ಧಾರಾಳಾತು" ಅಂದ ಅಂಗಡಿಯವ. ರೊಕ್ಕ ಎಣಿಸಲು ಕುಳಿತಿದ್ದೆವು. ನಮ್ಮಲ್ಲಿ ಒಬ್ಬಾಕೆ ಹೋದ ವರ್ಷವಷ್ಟೇ ಓದಲು ಕಲಿತವಳು. ಡಬ್ಬಿಯ ಮೇಲಿನ ಅಂಕಿ ಮೇಲೆ ಬೆರಳಿಟ್ಟು ಕೇಳಿದಳು: "ಅಣ್ಣಾರ, ಇಲ್ಲಿ 24 ತಾಸು ಅಂತ ಐತಿ ಅಲ್ರಿ? ರಾತ್ರಿಯೆಲ್ಲಾ ನಾವು ಅಂಗಡಿ ತಗದ ಕುಂದ್ರತೀವೇನ್ರಿ?"

ಅವನು ನಕ್ಕ. ನಾವು ರೊಕ್ಕ ಒಳಗಿಟ್ಟು ಲೆಕ್ಕಕ್ಕೆ ಕುಳಿತೆವು. ನೀವೂ ಹಾಕಿ ನೋಡಿ.

24 ತಾಸಿಗೆ 12 ಕಿಲೋ. ಅಂದರೆ ತಾಸಿಗೆ ಅರ್ಧ ಕಿಲೋ. ಒಂದು ಗ್ಲಾಸಿಗೆ ಸುಮಾರು 100 ಗ್ರಾಂ ಐಸು ಬೇಕು. ಬೇಸಿಗೆಯಲ್ಲಿ ನಮ್ಮದು ದಿನಕ್ಕೆ 80 ಗ್ಲಾಸು. ಅದಕ್ಕೆ 8 ಕಿಲೋ. ಬೆಳಿಗ್ಗೆ 6ಕ್ಕೆ ಯಂತ್ರ ಹಚ್ಚಿದರೆ ಸಂಜೆ 4ರ ತನಕ 10 ತಾಸು. ಸಿಗುವುದು 5 ಕಿಲೋ. ಉಳಿದ 30 ಗ್ಲಾಸಿಗೆ ಏನು ಹಾಕುವುದು? ಮತ್ತೆ ಗೋಣಿಚೀಲದ ಐಸೇ?

ಆ 5 ಕಿಲೋನೂ ಖಾತ್ರಿಯಿಲ್ಲ. ಡಬ್ಬಿಯ ಮೇಲಿನ ಅಂಕಿ ತಂಪು ಕೋಣೆಯದು, ತಂಪು ನೀರಿನದು. ನಮ್ಮದು ತಗಡಿನ ಮಾಡು. ಏಪ್ರಿಲ್ ಬಿಸಿಲಿನಲ್ಲಿ ಐಸು ಕಡಿಮೆಯೇ ಬೀಳುತ್ತದೆ. ಇನ್ನೊಂದು ಮಾತು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಇಂಥ ಸಣ್ಣ ಯಂತ್ರ ಐಸು ಮಾಡುತ್ತದೆ, ಕಾಯುವುದಿಲ್ಲ. ಅದು ಫ್ರಿಜ್ಜಲ್ಲ. ಬುಟ್ಟಿಯಲ್ಲಿ ಬಿಟ್ಟ ಐಸು ಕರಗಿ ಮತ್ತೆ ಕೆಳಗಿನ ತೊಟ್ಟಿಗೇ ನೀರಾಗಿ ಹೋಗುತ್ತದೆ. ಆಗಾಗ ತೆಗೆದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು.

ಕಡೆಗೆ ನಾವು 25 ಕಿಲೋದ ಯಂತ್ರ ತಂದೆವು. ತಾಸಿಗೆ ಒಂದು ಕಿಲೋ ಅಂತ ಹಿಡಿಯಿರಿ. ಸೆಕೆಗೆ ಸ್ವಲ್ಪ ಕಡಿಮೆಯಾದರೂ 8 ಕಿಲೋ ಸಿಗುತ್ತದೆ. ಮಜ್ಜಿಗೆಗೆ ಐಸು ಹಾಕುವುದನ್ನೇ ಬಿಟ್ಟೆವು. ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿದರೆ ಸಾಕು. ನಮ್ಮ ಅವ್ವಂದಿರು ಅದನ್ನೇ ಮಾಡುತ್ತಿದ್ದರಲ್ಲ!

ಕರೆಂಟಿನ ಲೆಕ್ಕ ಸುಲಭ. ಡಬ್ಬಿಯ ಮೇಲೆ ವ್ಯಾಟ್ ಎಷ್ಟು ಅಂತ ಓದಿರಿ. 200 ವ್ಯಾಟಿನದು 10 ತಾಸು ನಡೆದರೆ 2 ಯೂನಿಟ್. ಆದರೆ ಮನೆಯ ಮೀಟರಿನಿಂದ ವಯರು ಎಳೆಯಬೇಡಿ. 2023ರಲ್ಲಿ ಬಂದ ಗೃಹಜ್ಯೋತಿ ಮನೆಗೆ ಮಾತ್ರ, ಅಂಗಡಿಗಲ್ಲ. ಅಂಗಡಿಗೆ ಹೆಸ್ಕಾಂನಿಂದ ಬೇರೆ ಮೀಟರು ಹಾಕಿಸಬೇಕು.

ಇನ್ನು ನೀರು. ಯಂತ್ರ ನೀರನ್ನು ಶುದ್ಧ ಮಾಡುವುದಿಲ್ಲ. ಕೊಟ್ಟ ನೀರನ್ನೇ ಗಟ್ಟಿ ಮಾಡುತ್ತದೆ. ನಮ್ಮ ಊರಿಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ, ತುಂಬಿಟ್ಟ ನೀರೇ ಗತಿ. ಅದನ್ನು ಕಾಯಿಸಿ, ಆರಿಸಿ, ಸೋಸಿ ಹಾಕುತ್ತೇವೆ. ಬೋರಿನ ಗಡಸು ನೀರು ಹಾಕಿದರೆ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಲಿಂಬೆರಸದ ನೀರು ಹಾಕಿ ತೊಳೆಯುತ್ತೇವೆ. ರಾತ್ರಿ ತೊಟ್ಟಿ ಖಾಲಿ ಮಾಡಿ ಒಣಗಿಸುತ್ತೇವೆ. ಐಸು ಎತ್ತಲು ಸವಟು ಬೇಕು. ಕೈ ಹಾಕುವ ಹಾಗಿಲ್ಲ, ಬಳೆ ತೊಟ್ಟ ಕೈಯಂತೂ ಬೇಡವೇ ಬೇಡ.

ಗಾಡಿಯಲ್ಲಿ ತಂದ ದಿನವೇ ಅವಸರದಿಂದ ಹಚ್ಚಬೇಡಿ. ನೆಟ್ಟಗೆ ನಿಲ್ಲಿಸಿ, ಒಂದು ದಿನ ಬಿಡಿ. ಗೋಡೆಗೆ ಒತ್ತಿ ಇಡಬೇಡಿ, ಅದಕ್ಕೂ ಗಾಳಿ ಬೇಕು. ಕೊಳ್ಳುವಾಗ ಗ್ಯಾರಂಟಿ ಚೀಟಿಗೆ ತಾರೀಕು, ಅಂಗಡಿಯ ಸಿಕ್ಕೆ ಹಾಕಿಸಿರಿ. ರಿಪೇರಿಯವನು ಹುಬ್ಬಳ್ಳಿಯಲ್ಲೇ ಇದ್ದಾನೋ, ಬೆಂಗಳೂರಿನಿಂದ ಬರಬೇಕೋ? ಕೇಳಿ ಬರೆದುಕೊಳ್ಳಿ. ಮೇ ತಿಂಗಳಲ್ಲಿ ಯಂತ್ರ ಎಂಟು ದಿನ ಕೆಟ್ಟು ಕುಳಿತರೆ ಸಾಲದ ಕಂತು ಎಂಟು ದಿನ ಕಾಯುವುದಿಲ್ಲ.

ಇವತ್ತು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಗ್ಲಾಸು, ಯಾವ ತಾಸಿನಲ್ಲಿ ಹೆಚ್ಚು ಅಂತ ಒಂದು ವಾರ ಬರೆಯಿರಿ. ಬರುವ ಸಭೆಗೆ ಆ ಹಾಳೆ ತನ್ನಿರಿ. ಕೂಡಿ ಲೆಕ್ಕ ಮಾಡೋಣ.