ಹಳೆ ಕಂಪ್ಯೂಟರನ್ನ ಗುಜರಿಗೆ ಹಾಕೋ ಮುಂಚೆ

(ಮಾನಂದವಾಡಿಯಲ್ಲಿ ಗಡಿನಾಡ ಕನ್ನಡ ಯುವಜನರ ಕೂಟದಲ್ಲಿ ಆಡಿದ ಮಾತು)

ಬಾವಲಿ, ತೋಲ್ಪೆಟ್ಟಿ, ಪುಲ್ಪಳ್ಳಿ, ಬತ್ತೇರಿ ಕಡೆಯಿಂದ ಭಾನುವಾರದ ಕೆಲಸ ಬಿಟ್ಟು ಬಂದಿದ್ದೀರಿ. ಅದಕ್ಕೆ ಮಾತು ಉದ್ದ ಮಾಡೋದಿಲ್ಲ.

ನಾವು ಕಂಪ್ಯೂಟರ್ ಇಂಜಿನಿಯರುಗಳಲ್ಲ. ಓದಿದ್ದು ಬಿ.ಕಾಂ., ದುಡಿಯೋದು ಬ್ಯಾಂಕಿನ ಕೌಂಟರಿನಲ್ಲಿ. ಬಿ.ಕಾಂ.ನಲ್ಲಿ ಸವಕಳಿ ಅಂತ ಒಂದು ಪಾಠ ಬರುತ್ತೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ. ಅಂದರೆ 30,000 ರೂಪಾಯಿಯ ಕಂಪ್ಯೂಟರಿಗೆ ಐದು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿಯೋ ಬೆಲೆ 2,333 ರೂಪಾಯಿ. ಆದರೆ ಬರವಣಿಗೆಗೆ ಅದು ಮೊದಲ ದಿನ ಎಷ್ಟು ಉಪಯೋಗವೋ ಇವತ್ತೂ ಅಷ್ಟೇ. ಅಕ್ಷರ ಮೂಡಿಸೋದಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಈಗ ಈ ಮಾತು ಯಾಕೆ? ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರದ್ದು 2020ರ ಜನವರಿಯಲ್ಲೇ ಮುಗಿದಿತ್ತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು ಅನ್ನುತ್ತೆ. ನಮ್ಮ ಮನೆಗಳಲ್ಲಿ, ವಾಚನಾಲಯಗಳಲ್ಲಿ ಇರೋ ಹೆಚ್ಚಿನ ಯಂತ್ರಗಳು ಅದಕ್ಕಿಂತ ಹಳೆಯವು. ಅಂಗಡಿಯವರು 'ಹೊಸದು ತಗೊಳ್ಳಿ' ಅಂತಾರೆ. ದುಡ್ಡಿಲ್ಲ. ಯಂತ್ರ ಮೂಲೆ ಸೇರುತ್ತೆ. ಕನ್ನಡದಲ್ಲಿ ಬರೆಯೋದೂ ಅದರ ಜೊತೆಗೇ ನಿಂತುಹೋಗುತ್ತೆ.

ಇದು ಸಣ್ಣ ವಿಷಯ ಅಲ್ಲ. ಸಂವಿಧಾನದ 350ನೇ ವಿಧಿ ಪ್ರಕಾರ ನಮ್ಮ ಕುಂದುಕೊರತೆಯ ಅರ್ಜಿಯನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡಬಹುದು. ಹಕ್ಕು ಇದೆ. ಆದರೆ ಅರ್ಜಿಯನ್ನ ಕನ್ನಡದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯೋಕೆ ಆಗದೆ, ಕೊನೆಗೆ ಬೇರೆಯವರ ಹತ್ತಿರ ಮಲಯಾಳಂನಲ್ಲಿ ಬರೆಸಿಕೊಂಡು ಎಷ್ಟು ಸಲ ಬಂದಿದ್ದೀವಿ, ನೀವೇ ಹೇಳಿ.

ದಾರಿ ನಮಗೆ ಗೊತ್ತಿರೋದೇ. ನಮ್ಮಲ್ಲಿ ಹೆಚ್ಚಿನವರು ಕೇರಳದ ಶಾಲೆಯಲ್ಲಿ ಓದಿದವರು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಕಂಪನಿ ಆಯಿತು. ಲ್ಯಾಬಿನಲ್ಲಿ ನಾವು ಕಲಿತದ್ದು ಅವರ ಗ್ನೂ/ಲಿನಕ್ಸ್ ಮೇಲೆ. ಅದು ಉಬುಂಟು ಆಧರಿಸಿದ್ದು. 2019ರಲ್ಲಿ ಹೊಸ ಆವೃತ್ತಿ ಬಂದಾಗ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಾಕಿ 3,000 ಕೋಟಿ ಉಳಿಸುತ್ತೇವೆ ಅಂತ ಕೈಟ್ ಹೇಳಿತು. ಅಂದರೆ ಒಂದು ಯಂತ್ರಕ್ಕೆ ಒಂದೂವರೆ ಲಕ್ಷ. ಎಲ್ಲ ತಂತ್ರಾಂಶಗಳ ಲೈಸೆನ್ಸು ಸೇರಿಸಿ ಹಾಕಿದ ಲೆಕ್ಕ ಅದು. ಬ್ಯಾಂಕಿನವರಾದ ನಮಗೆ ಸ್ವಲ್ಪ ಧಾರಾಳ ಅನಿಸುತ್ತೆ. ಇರಲಿ, ಒಂದು ರಾಜ್ಯದ ಶಾಲೆಗಳು ಅದರಲ್ಲೇ ನಡೆಯುತ್ತಿವೆ ಅನ್ನೋದಂತೂ ನಿಜ. ಹಾಗಾಗಿ 'ಲಿನಕ್ಸ್ ಅಂದ್ರೆ ಕಷ್ಟ' ಅನ್ನೋ ಮಾತು ಮೈಸೂರಿನವರು ಹೇಳಿದರೆ ಒಪ್ಪಬಹುದು, ವಯನಾಡಿನವರು ಹೇಳೋ ಹಾಗಿಲ್ಲ!

ಇನ್ನೊಂದು ಲಾಭ ಇದೆ, ಇದನ್ನ ನಾವೂ ತಡವಾಗಿ ತಿಳಿದಿದ್ದು. ಶಾಲೆಯಲ್ಲಿ ಮಲಯಾಳಂ ಟೈಪಿಂಗ್ ಕಲಿಸಿದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ. ಅದು 1991ರ ಭಾರತೀಯ ಮಾನಕದಲ್ಲೇ ಇರೋ ವಿನ್ಯಾಸ, ಎಲ್ಲ ಭಾರತೀಯ ಭಾಷೆಗೂ ಒಂದೇ. ಮಲಯಾಳಂನ 'ಕ' ಯಾವ ಕೀಲಿಯಲ್ಲಿದೆಯೋ ಕನ್ನಡದ 'ಕ' ಕೂಡ ಅಲ್ಲೇ, 'ರ' ಅಲ್ಲೇ, 'ತ' ಅಲ್ಲೇ. ಭಾಷೆ ಬದಲಿಸಿದರೆ ಸಾಕು, ಬೆರಳು ಅದೇ. ನಮ್ಮ ಗುಂಪಿನ ಒಬ್ಬ ಹುಡುಗಿ, ಕನ್ನಡ ಓದೋಕೆ ಈಗಷ್ಟೇ ಕಲಿಯುತ್ತಿರೋಳು, ಮೊದಲ ದಿನವೇ ತನ್ನ ಅಜ್ಜನ ಹೆಸರು ಕನ್ನಡದಲ್ಲಿ ಹೊಡೆದಳು. ಕರ್ನಾಟಕದಲ್ಲಿ ಓದಿ ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೂ ಚಿಂತೆ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ 'ಕಗಪ' ಕೀಲಿಮಣೆ ಲಿನಕ್ಸ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡದ ಕೆಳಗೆ ಹುಡುಕಿ.

ಈಗ ಯಾವುದನ್ನ ಹಾಕಬೇಕು ಅನ್ನೋ ಪ್ರಶ್ನೆ. ಮೊದಲು ನಿಮ್ಮ ಯಂತ್ರದ ರ‍್ಯಾಮ್ ಎಷ್ಟು ನೋಡಿ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ನೋಡೋಕೆ ಹಳೆ ವಿಂಡೋಸ್ ಥರಾನೇ ಇದೆ, ಮನೆಯ ಹಿರಿಯರಿಗೂ ಒಗ್ಗುತ್ತೆ. 2 ಜಿಬಿ ಇದ್ದರೆ ಲುಬುಂಟು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಪ್ರೊಸೆಸರ್ 32 ಬಿಟ್‌ನದಾದರೆ ಆಂಟಿಎಕ್ಸ್ ನೋಡಿ. ಉಬುಂಟು ಕುಟುಂಬ 32 ಬಿಟ್ ಬಿಟ್ಟು ವರ್ಷಗಳಾದವು, ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ ಅಂಥ ಯಂತ್ರಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಬರೆಯೋಕೆ ಲಿಬ್ರೆಆಫೀಸ್ ಸಾಕು. ಅಕ್ಷರಕ್ಕೆ ನೋಟೋ, ಲೋಹಿತ್, ಗುಬ್ಬಿ, ನವಿಲು ಎಲ್ಲ ಉಚಿತ ಫಾಂಟುಗಳು.

ಹಾಕೋ ಮುಂಚೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. 8 ಜಿಬಿ ಪೆನ್‌ಡ್ರೈವ್ ಸಾಕು, ಒಳಗಿನ ಡಿಸ್ಕಿಗೆ ಏನೂ ಆಗೋದಿಲ್ಲ. ಕನ್ನಡ ಟೈಪ್ ಆಗುತ್ತಾ, ಒತ್ತಕ್ಷರ ಸರಿ ಕೂರುತ್ತಾ, ಪ್ರಿಂಟರ್ ಸಿಗುತ್ತಾ, ಮೂರನ್ನೂ ಪರೀಕ್ಷೆ ಮಾಡಿ. ಆದರೆ ಒಂದು ಎಚ್ಚರ. ಟ್ಯಾಲಿ ಬಳಸಿ ಅಂಗಡಿ ಲೆಕ್ಕ ಬರೆಯೋರು, ಪ್ರೆಸ್ಸಿಗೆ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿ ಕೊಡೋರು ಆ ಯಂತ್ರವನ್ನ ಬದಲಿಸಬೇಡಿ. ವಿಂಡೋಸ್ ಹಾಗೇ ಇರಲಿ, ಇಂಟರ್ನೆಟ್ ಮಾತ್ರ ಕಿತ್ತುಬಿಡಿ.

ಕೊನೆಗೆ, ನಮಗಾದ ನಷ್ಟ ಹೇಳಿ ಮುಗಿಸ್ತೀವಿ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಹಳೆ ಕಂಪ್ಯೂಟರ್ ನಿಧಾನ ಆಯಿತು ಅಂತ ರಿಪೇರಿಗೆ ಕೊಟ್ಟೆವು. ಅವರು ಫಾರ್ಮ್ಯಾಟ್ ಮಾಡಿ ಹೊಸ ಥರ ಮಾಡಿ ಕೊಟ್ಟರು. ಅವರ ತಪ್ಪಲ್ಲ, ಒಳಗೆ ಏನಿದೆ ಅಂತ ನಾವೇ ಹೇಳಿರಲಿಲ್ಲ. ಒಳಗಿದ್ದದ್ದು ಅಜ್ಜಿ ಹಾಡಿ ಬರೆಸಿದ ಮದುವೆ ಪದಗಳು. ಒಂದು ಪೆನ್‌ಡ್ರೈವ್‌ನಲ್ಲಿ ಅರ್ಧದ ಪ್ರತಿ ಸಿಕ್ಕಿತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು. ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸೋಕೆ ಹೊರಟಿದ್ದೆವು. ಕೆಟ್ಟಿರಲಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬರೆದದ್ದು, ಆ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣೋದು. ನುಡಿಯಲ್ಲೇ ಇರೋ ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೆ ಪದಗಳು ಮತ್ತೆ ಕನ್ನಡವಾದವು. ಉಳಿದ ಅರ್ಧ ಕೇಳಿ ಬರೆಯೋಣ ಅಂದರೆ ಅಜ್ಜಿ ಆಗಲೇ ಇರಲಿಲ್ಲ.

ಅದಕ್ಕೇ ಕೈಮುಗಿದು ಕೇಳೋದು ಇಷ್ಟೇ. ಮನೆಗೆ ಹೋಗಿ ಮೂಲೆಯಲ್ಲಿರೋ ಯಂತ್ರ ಆನ್ ಮಾಡಿ. ಒಳಗಿರೋ ನುಡಿ, ಬರಹ ಫೈಲುಗಳನ್ನ ಎರಡು ಕಡೆ ಪ್ರತಿ ಮಾಡಿ. ವಿಂಡೋಸ್ ಇನ್ನೂ ಇರೋವಾಗಲೇ ಯೂನಿಕೋಡ್‌ಗೆ ಬದಲಿಸಿ, ತೆರೆದು ಓದಿ ನೋಡಿ. ಆಮೇಲೆ ಲಿನಕ್ಸ್ ಹಾಕಿ. ಈ ಕ್ರಮ ತಪ್ಪಿಸಬೇಡಿ. ಮುಂದಿನ ಕೂಟಕ್ಕೆ ಒಬ್ಬೊಬ್ಬರೂ ಒಂದು ಹಳೆ ಲ್ಯಾಪ್‌ಟಾಪ್ ತನ್ನಿ, ಕೂತು ಒಟ್ಟಿಗೆ ಹಾಕೋಣ. ಮೊದಲ ಪುಟ ಏನು ಬರೀಬೇಕು ಅಂತ ಯೋಚನೆ ಬೇಡ. ಮನೆಯಲ್ಲಿ ಇನ್ನೂ ಹಾಡಬಲ್ಲ ಅಜ್ಜಿ ಇದ್ದರೆ, ಅವರ ಪಕ್ಕ ಕೂತು ಕೇಳಿ, ಬರೀರಿ.